ನೋವು ಇಳಿಯಿತು, ಕೀಲು ಕುಸಿಯಿತು: ಟ್ಯಾನೆಜುಮ್ಯಾಬ್ ಪ್ರಕರಣದ ಅಧ್ಯಯನ

2010ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಸ್ಥಿಸಂಧಿವಾತದ (ಆಸ್ಟಿಯೋಆರ್ತ್ರೈಟಿಸ್) ರೋಗಿಗಳ ಮೇಲೆ ನಡೆಯುತ್ತಿದ್ದ ಟ್ಯಾನೆಜುಮ್ಯಾಬ್ ಚುಚ್ಚುಮದ್ದಿನ ಪ್ರಯೋಗಗಳನ್ನು ತಡೆಹಿಡಿಯಿತು. ಮದ್ದು ಸೋತಿರಲಿಲ್ಲ. ನೋವು ಇಳಿಸುವುದರಲ್ಲಿ ಅದರ ಫಲ ನೋವಿನ ಮಾತ್ರೆಗಳಲ್ಲಿ ಅಪರೂಪಕ್ಕೆ ಕಾಣುವಂಥದ್ದು. ಆದರೆ ನೋವು ಇಳಿದು ಸಲೀಸಾಗಿ ನಡೆಯತೊಡಗಿದವರಲ್ಲಿ ಕೆಲವರ ಕೀಲುಗಳು ತಿಂಗಳುಗಳಲ್ಲೇ ಕೆಟ್ಟು, ಕೀಲು ಬದಲಿ ಶಸ್ತ್ರಚಿಕಿತ್ಸೆಯ ಮೇಜಿಗೆ ಬಂದಿದ್ದರು. ಅಲ್ಲಿಂದ ಹನ್ನೊಂದು ವರ್ಷ ಎಳೆದಾಡಿದ ಈ ಪ್ರಕರಣ 2021ರ ಅಕ್ಟೋಬರ್‌ನಲ್ಲಿ ಮುಗಿಯಿತು. ಮದ್ದು ಮಾರುಕಟ್ಟೆಗೆ ಬರಲೇ ಇಲ್ಲ.

ಅಸ್ಥಿಸಂಧಿವಾತದಲ್ಲಿ ಜೀವಕೋಶಗಳ ಸಂಕೇತಪಥಗಳ (ಸುದ್ದಿಯನ್ನು ಕೋಶದೊಳಗೆ ದಾಟಿಸುವ ಅಣುಗಳ ಸರಣಿಗಳ) ಪಾತ್ರವೇನು ಎಂದು ಕೇಳಿದರೆ ಪಠ್ಯಪುಸ್ತಕಗಳು ಒಂದು ದೊಡ್ಡ ನಕ್ಷೆ ತೋರಿಸುತ್ತವೆ: ಎಲ್ಲೆಲ್ಲೂ ಬಾಣ, ಬಾಣದ ತುದಿಗೆ ಅಕ್ಷರ. ಆ ನಕ್ಷೆಯಲ್ಲಿ ಒಂದೇ ಒಂದು ಬಾಣವನ್ನು ಅಳಿಸಿದರೆ ಮನುಷ್ಯನ ಮೊಣಕಾಲಿನಲ್ಲಿ ಏನಾಗುತ್ತದೆ ಎಂದು ಸಾವಿರಾರು ಜನರ ಮೇಲೆ, ವರ್ಷಗಟ್ಟಲೆ, ಎಕ್ಸ್‌ರೇ ಸಮೇತ ಪರೀಕ್ಷಿಸಿ ನೋಡಿದ ಸಂದರ್ಭಗಳು ಕಡಿಮೆ. ಇದು ಅಂಥದೊಂದು. ಟ್ಯಾನೆಜುಮ್ಯಾಬ್ ಅಳಿಸಿದ ಬಾಣದ ಹೆಸರು ಎನ್‌ಜಿಎಫ್, ನೋವಿನ ನರಗಳನ್ನು ಸೂಕ್ಷ್ಮಗೊಳಿಸುವ ಪ್ರೋಟೀನು.

ಎನ್‌ಜಿಎಫ್ ಎಲ್ಲಿಂದ ಬರುತ್ತದೆ

ಮೊದಲು ‘ಸವೆತ’ ಎಂಬ ಮಾತಿನ ಬಗ್ಗೆ. ನಮ್ಮಲ್ಲಿ ಡಾಕ್ಟರೂ ರೋಗಿಯೂ ಬಳಸುವ ಪದ ಅದೇ: ಮೊಣಕಾಲು ಸವೆದಿದೆ. ಚಪ್ಪಲಿಯ ಹಿಮ್ಮಡಿ ಸವೆದಂತೆ ಎಂಬ ಚಿತ್ರ ಕಣ್ಣಿಗೆ ಬರುತ್ತದೆ. ಚಪ್ಪಲಿ ತನ್ನನ್ನು ತಾನೇ ಕತ್ತರಿಸಿಕೊಳ್ಳುವುದಿಲ್ಲ, ಕೀಲು ಕತ್ತರಿಸಿಕೊಳ್ಳುತ್ತದೆ. ಕೀಲಿನ ಮೆತ್ತೆಯಾದ ಮೃದ್ವಸ್ಥಿಯಲ್ಲಿ ರಕ್ತನಾಳವಿಲ್ಲ, ನರವಿಲ್ಲ. ಅದರ ಗಾತ್ರದ ಬಹುಪಾಲು ನೀರು. ಉಳಿದದ್ದರಲ್ಲಿ ಎರಡನೇ ಬಗೆಯ ಕೊಲಾಜನ್ ಎಳೆಗಳು, ನೀರನ್ನು ಹಿಡಿದಿಡುವ ಅಗ್ರಿಕ್ಯಾನ್, ಮತ್ತು ನೂರರಲ್ಲಿ ಒಂದೆರಡು ಪಾಲಿನಷ್ಟು ಮಾತ್ರ ಜೀವಕೋಶ. ಈ ಕೊಂಡ್ರೊಸೈಟ್‌ಗಳೇ ಮೆತ್ತೆಯನ್ನು ಕಟ್ಟುವವು, ಕೆಡವುವವೂ ಅವೇ.

ಮೆನಿಸ್ಕಸ್ (ಮೊಣಕಾಲಿನ ಎರಡು ಮೂಳೆಗಳ ನಡುವಿನ ಅರ್ಧಚಂದ್ರಾಕಾರದ ಮೆತ್ತೆ) ಹರಿದಾಗ, ಅಸ್ಥಿಬಂಧ ಸಡಿಲವಾದಾಗ, ಅಥವಾ ತೂಕ ತಪ್ಪು ಜಾಗದಲ್ಲಿ ಬಿದ್ದಾಗ ಆ ಒತ್ತಡವನ್ನು ಕೊಂಡ್ರೊಸೈಟ್‌ನ ಪೊರೆಯಲ್ಲಿರುವ ಇಂಟೆಗ್ರಿನ್‌ಗಳೂ ಅಯಾನು ದ್ವಾರಗಳೂ ಗ್ರಹಿಸುತ್ತವೆ. ಮೆತ್ತೆಯ ಪ್ರೋಟೀನಾದ ಫೈಬ್ರೊನೆಕ್ಟಿನ್‌ನ ಮುರಿದ ತುಣುಕುಗಳು ಟೋಲ್ ಮಾದರಿಯ ಗ್ರಾಹಕಗಳನ್ನು ತಟ್ಟುತ್ತವೆ. ಒಳಗೆ ಎರಡು ಹಾದಿಗಳು ಒಟ್ಟಿಗೆ ಚುರುಕಾಗುತ್ತವೆ. ಒಂದು ಎನ್‌ಎಫ್-ಕಪ್ಪಾ-ಬಿ, ಇನ್ನೊಂದು ಮ್ಯಾಪ್ ಕೈನೇಸ್‌ಗಳ ಸರಣಿ, ಅಂದರೆ ಪಿ-38, ಜೆಎನ್‌ಕೆ, ಇಆರ್‌ಕೆ. ಇವು ಕೋಶಕೇಂದ್ರದಲ್ಲಿ ತೆರೆಯುವ ವಂಶವಾಹಿಗಳಲ್ಲಿ ಕತ್ತರಿಗಳೂ ಇವೆ: ಕೊಲಾಜನ್ ಕತ್ತರಿಸುವ ಎಂಎಂಪಿ-13, ಅಗ್ರಿಕ್ಯಾನ್ ಕತ್ತರಿಸುವ ಅಡಾಮ್‌ಟಿಎಸ್-4 ಮತ್ತು 5. ಕೀಲುಪೊರೆಯಿಂದ ಬರುವ ಉರಿಯೂತದ ಅಣುಗಳಾದ ಐಎಲ್-1 ಬೀಟಾ ಮತ್ತು ಟಿಎನ್‌ಎಫ್ ಇದೇ ಹಾದಿಗಳಿಗೆ ತುಪ್ಪ ಸುರಿಯುತ್ತವೆ.

ಇಲ್ಲಿ ಉಜ್ಜಾಟಕ್ಕಿಂತ ಸಂಕೇತ ಮುಖ್ಯ ಎನ್ನಲು ಇಲಿಗಳ ಪ್ರಯೋಗ ಸಾಕು. ಮೆನಿಸ್ಕಸ್ಸಿನ ಕಟ್ಟನ್ನು ಕತ್ತರಿಸಿದರೆ ಇಲಿಯ ಮೊಣಕಾಲಿನಲ್ಲಿ ವಾರಗಳೊಳಗೆ ಅಸ್ಥಿಸಂಧಿವಾತ ಬರುತ್ತದೆ. ಆದರೆ ಅಡಾಮ್‌ಟಿಎಸ್-5 ಕಿಣ್ವವೇ ಇಲ್ಲದಂತೆ ಬೆಳೆಸಿದ ಇಲಿಯಲ್ಲಿ ಅದೇ ಗಾಯ, ಅದೇ ಓಡಾಟ ಇದ್ದರೂ ಮೆತ್ತೆ ಬಹಳಮಟ್ಟಿಗೆ ಉಳಿಯುತ್ತದೆ. ಗಾಯದ ನಂತರ ಕಾಲನ್ನು ಅಲುಗಾಡದಂತೆ ಕಟ್ಟಿಟ್ಟರೂ ಕತ್ತರಿಗಳ ವಂಶವಾಹಿಗಳು ತೆರೆದುಕೊಳ್ಳುವುದಿಲ್ಲ. ಒತ್ತಡ ಬೇಕು, ಆ ಒತ್ತಡವನ್ನು ಓದಿ ಆಜ್ಞೆ ಹೊರಡಿಸುವ ಕೋಶವೂ ಬೇಕು.

ಇದೇ ಗಲಾಟೆಯಲ್ಲಿ ಹುಟ್ಟುವ ಇನ್ನೊಂದು ಪ್ರೋಟೀನು ನರಬೆಳವಣಿಗೆ ಅಂಶ, ಎನ್‌ಜಿಎಫ್. ರೀಟಾ ಲೆವಿ-ಮೊಂಟಾಲ್ಚಿನಿ 1950ರ ದಶಕದಲ್ಲಿ ಕೋಳಿಭ್ರೂಣದ ನರಗಳ ಮೇಲೆ ಕೆಲಸ ಮಾಡುತ್ತ ಗುರುತಿಸಿ, ಸ್ಟ್ಯಾನ್ಲಿ ಕೋಹೆನ್ ಜೊತೆ 1986ರ ನೊಬೆಲ್ ಪಡೆದದ್ದು ಇದಕ್ಕೇ. ಭ್ರೂಣದಲ್ಲಿ ನೋವಿನ ನರಕೋಶಗಳೂ ಸಿಂಪಥೆಟಿಕ್ ನರಕೋಶಗಳೂ (ಎದೆಬಡಿತ, ಬೆವರಿನಂಥ ತಾನಾಗಿ ನಡೆಯುವ ಕೆಲಸಗಳವು) ಬದುಕುಳಿಯಲು ಎನ್‌ಜಿಎಫ್ ಬೇಕೇ ಬೇಕು. ಬೆಳೆದ ಮನುಷ್ಯನಲ್ಲಿ ನೋವಿನ ನರ ಅದಿಲ್ಲದೆಯೂ ಬದುಕುತ್ತದೆ. ಅಲ್ಲಿ ಎನ್‌ಜಿಎಫ್‌ನ ಕೆಲಸ ನರದ ಸೂಕ್ಷ್ಮತೆಯನ್ನು ಏರಿಸುವುದು, ಇಳಿಸುವುದು. ಔಷಧ ತಯಾರಕರ ಇಡೀ ಲೆಕ್ಕಾಚಾರ ನಿಂತದ್ದು ಈ ವ್ಯತ್ಯಾಸದ ಮೇಲೆ: ನರ ಸಾಯದು, ಕೂಗು ಮಾತ್ರ ತಗ್ಗುತ್ತದೆ.

ಕೀಲಿನಲ್ಲಿ ಎನ್‌ಜಿಎಫ್ ಒಂದೇ ಮೂಲದಿಂದ ಬರುವುದಿಲ್ಲ. ಕೀಲುಪೊರೆಯ ಮ್ಯಾಕ್ರೊಫೇಜ್ ಮತ್ತು ಫೈಬ್ರೊಬ್ಲಾಸ್ಟ್‌ಗಳು ಐಎಲ್-1 ಬೀಟಾ, ಟಿಎನ್‌ಎಫ್ ಬಂದಾಗ ಸ್ರವಿಸುತ್ತವೆ. ಕೊಂಡ್ರೊಸೈಟ್‌ಗಳಲ್ಲಿ ಅದನ್ನು ಏರಿಸುವ ಮತ್ತೊಂದು ಹಾದಿ ಟಿಜಿಎಫ್-ಬೀಟಾದ್ದು, ಆಲ್ಕ್-5 ಗ್ರಾಹಕದಿಂದ ಸ್ಮ್ಯಾಡ್ 2/3 ಮೂಲಕ. ಇಲ್ಲೊಂದು ವಿಚಿತ್ರವಿದೆ. ಟಿಜಿಎಫ್-ಬೀಟಾ–ಆಲ್ಕ್-5 ಹಾದಿಯನ್ನು ಸಾಮಾನ್ಯವಾಗಿ ಮೃದ್ವಸ್ಥಿಯ ರಕ್ಷಕ ಎಂದೇ ಎಣಿಸುವುದು, ಏಕೆಂದರೆ ಕೊಂಡ್ರೊಸೈಟ್ ಊದಿಕೊಂಡು ಮೂಳೆಯತ್ತ ಹೊರಳುವುದನ್ನು ಅದು ತಡೆಯುತ್ತದೆ. ಅದೇ ರಕ್ಷಕ ನೋವಿನ ಅಣುವನ್ನೂ ಹೆಚ್ಚಿಸುತ್ತದೆ. ರಿಪೇರಿಯೂ ನೋವೂ ಒಂದೇ ಕೈಯಿಂದ ಬರುತ್ತವೆ ಎಂಬ ಸುಳಿವು ಇದರಲ್ಲಿದೆ.

ನರದೊಳಗೆ ಏನಾಗುತ್ತದೆ

ಅಸ್ಥಿಸಂಧಿವಾತ ಮುಂದುವರಿದಂತೆ ಮೃದ್ವಸ್ಥಿ ಮತ್ತು ಅದರಡಿಯ ಮೂಳೆಯ ನಡುವಿನ ಗಡಿ ತೂತಾಗುತ್ತದೆ. ಆ ತೂತುಗಳ ಮೂಲಕ ಮೂಳೆಯ ಕಡೆಯಿಂದ ಸಣ್ಣ ರಕ್ತನಾಳಗಳೂ ಅವುಗಳ ಜೊತೆ ಸಂವೇದನಾ ನರಗಳೂ ಮೇಲೇರುತ್ತವೆ. ನರವೇ ಇಲ್ಲದ ಜಾಗಕ್ಕೆ ನರ ಬರುತ್ತದೆ.

ಆ ನರದ ತುದಿಯಲ್ಲಿ ಎನ್‌ಜಿಎಫ್ ಎರಡು ಗ್ರಾಹಕಗಳನ್ನು ಹಿಡಿಯುತ್ತದೆ: ಬಿಗಿಯಾಗಿ ಟ್ರ್ಯಾಕ್-ಎ, ಸಡಿಲವಾಗಿ ಪಿ-75. ಟ್ರ್ಯಾಕ್-ಎ ಒಂದು ಟೈರೋಸಿನ್ ಕೈನೇಸ್. ಎನ್‌ಜಿಎಫ್ ಕೂತೊಡನೆ ಎರಡು ಟ್ರ್ಯಾಕ್-ಎ ಜೋಡಿಯಾಗಿ ಪರಸ್ಪರ ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ, ಮೂರು ಹಾದಿಗಳು ಹೊರಡುತ್ತವೆ: ಪಿಎಲ್‌ಸಿ-ಗಾಮಾ, ರಾಸ್–ಇಆರ್‌ಕೆ, ಪಿಐ3-ಕೈನೇಸ್–ಎಕೆಟಿ.

ಫಲ ಎರಡು ವೇಗದಲ್ಲಿ ಬರುತ್ತದೆ. ನಿಮಿಷಗಳಲ್ಲಿ: ಟಿಆರ್‌ಪಿವಿ-1 ಎಂಬ ಅಯಾನು ದ್ವಾರ (ಮೆಣಸಿನಕಾಯಿಯ ಖಾರಕ್ಕೂ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೇಲಿನ ಬಿಸಿಗೂ ತೆರೆಯುವಂಥದ್ದು) ಹೆಚ್ಚು ಸಂಖ್ಯೆಯಲ್ಲಿ ಪೊರೆಗೆ ಬಂದು, ಕಡಿಮೆ ಪ್ರಚೋದನೆಗೇ ತೆರೆಯತೊಡಗುತ್ತದೆ. ದಿನಗಳಲ್ಲಿ: ಎನ್‌ಜಿಎಫ್–ಟ್ರ್ಯಾಕ್-ಎ ಜೋಡಿ ಒಂದು ಪುಟ್ಟ ಚೀಲದೊಳಗೆ ಸೇರಿ, ನರದ ಉದ್ದಕ್ಕೂ ಹಿಮ್ಮುಖವಾಗಿ ಸಾಗಿ, ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿರುವ ಕೋಶಕೇಂದ್ರ ಮುಟ್ಟುತ್ತದೆ. ಮೊಣಕಾಲಿನಿಂದ ಸೊಂಟದವರೆಗೆ ಸಾಗುವ ಆ ಚೀಲ ಅಲ್ಲಿ ನೋವಿನ ಸುದ್ದಿ ಸಾಗಿಸುವ ಅಣುಗಳಾದ ಸಬ್‌ಸ್ಟೆನ್ಸ್ ಪಿ, ಸಿಜಿಆರ್‌ಪಿ, ಬಿಡಿಎನ್‌ಎಫ್ ಮತ್ತು ನೋವಿನ ಸೋಡಿಯಂ ದ್ವಾರಗಳ ಉತ್ಪಾದನೆ ಏರಿಸುತ್ತದೆ. ಬಿಡಿಎನ್‌ಎಫ್ ಬೆನ್ನುಹುರಿಯಲ್ಲಿ ಬಿಡುಗಡೆಯಾಗಿ ಅಲ್ಲಿನ ಕೋಶಗಳನ್ನೂ ಎಚ್ಚರಿಸುತ್ತದೆ. ಮೆಟ್ಟಿಲಿಳಿಯುವಾಗ ಮಾತ್ರ ಇದ್ದ ನೋವು ರಾತ್ರಿ ಮಲಗಿದಾಗಲೂ ಬರತೊಡಗುವುದರ ಹಿಂದೆ ಈ ಎರಡನೇ ವೇಗದ ಪಾಲು ದೊಡ್ಡದು.

ಮುಂದಿನ ಕತೆಗೆ ಬೇಕಾದ ಒಂದು ಸಂಗತಿ: ಪ್ರಾಣಿಗಳಲ್ಲಿ ನೋಡಿದಂತೆ, ಮೂಳೆಗೆ ಹೋಗುವ ಸಂವೇದನಾ ನರಗಳಲ್ಲಿ ಬಹುಪಾಲು ಟ್ರ್ಯಾಕ್-ಎ ಹೊತ್ತವು. ಚರ್ಮದಲ್ಲಿ ಆ ಪಾಲು ಎಷ್ಟೋ ಕಡಿಮೆ. ಹಾಗಾಗಿ ಎನ್‌ಜಿಎಫ್ ತಡೆದರೆ ಚರ್ಮಕ್ಕೆ ಸೂಜಿ ಚುಚ್ಚಿದ್ದು ಗೊತ್ತಾಗುತ್ತದೆ, ಮೂಳೆಯ ದೂರು ಮಾತ್ರ ಕೇಳುವುದಿಲ್ಲ.

ಮದ್ದು ಮತ್ತು ಮೊದಲ ಫಲಿತಾಂಶ

ಟ್ಯಾನೆಜುಮ್ಯಾಬ್ ಮನುಷ್ಯ ಮಾದರಿಗೆ ತಿದ್ದಿದ ಐಜಿಜಿ-2 ಬಗೆಯ ಪ್ರತಿಕಾಯ (ಆಂಟಿಬಾಡಿ). ಗ್ರಾಹಕಗಳನ್ನು ಮುಟ್ಟದೆ ಎನ್‌ಜಿಎಫ್ ಅಣುವನ್ನೇ ಹಿಡಿದು, ಅದು ಟ್ರ್ಯಾಕ್-ಎ ಮೇಲೂ ಪಿ-75 ಮೇಲೂ ಕೂರದಂತೆ ಮಾಡುತ್ತದೆ. ದೇಹದಲ್ಲಿ ವಾರಗಟ್ಟಲೆ ನಿಲ್ಲುವುದರಿಂದ ಎಂಟು ವಾರಕ್ಕೊಂದು ಚುಚ್ಚು ಸಾಕು. ರೈನಾಟ್ ನ್ಯೂರೋಸೈನ್ಸ್ ಎಂಬ ಸಣ್ಣ ಕಂಪನಿ ಇದನ್ನು ರೂಪಿಸಿತ್ತು; 2006ರಲ್ಲಿ ಫೈಜರ್ ಆ ಕಂಪನಿಯನ್ನೇ ಕೊಂಡಿತು.

2010ರಲ್ಲಿ ಪ್ರಕಟವಾದ ಎರಡನೇ ಹಂತದ ಪ್ರಯೋಗದಲ್ಲಿ ಮೊಣಕಾಲಿನ ಅಸ್ಥಿಸಂಧಿವಾತವಿದ್ದ 450 ಜನರಿಗೆ ದೇಹತೂಕದ ಪ್ರತಿ ಕಿಲೋಗೆ 10ರಿಂದ 200 ಮೈಕ್ರೋಗ್ರಾಂವರೆಗೆ ಬೇರೆಬೇರೆ ಪ್ರಮಾಣವನ್ನು, ಅಥವಾ ಹುಸಿಮದ್ದನ್ನು (ಪ್ಲಸೀಬೊ), ಮೊದಲ ದಿನ ಮತ್ತು 56ನೇ ದಿನ ರಕ್ತನಾಳಕ್ಕೆ ಕೊಡಲಾಯಿತು. ನಡೆಯುವಾಗಿನ ನೋವು ಮದ್ದಿನ ಗುಂಪುಗಳಲ್ಲಿ ಶೇ 45ರಿಂದ 62ರಷ್ಟು ಇಳಿಯಿತು, ಹುಸಿಮದ್ದಿನಲ್ಲಿ ಶೇ 22. ಜುಮುಗುಡುವಿಕೆ, ಮರಗಟ್ಟುವಿಕೆ, ತಲೆನೋವು ಕಂಡವು. ಅವಕ್ಕೆ ಯಾರೂ ಹೆದರಲಿಲ್ಲ.

ಪ್ರಮಾಣದ ಬಗ್ಗೆ ಒಂದು ಲೆಕ್ಕ ಮನಸ್ಸಿನಲ್ಲಿರಲಿ. 70 ಕಿಲೋ ತೂಗುವವರಿಗೆ 200 ಮೈಕ್ರೋಗ್ರಾಂ ಎಂದರೆ ಒಟ್ಟು 14 ಮಿ.ಗ್ರಾಂ. ಹತ್ತು ವರ್ಷದ ನಂತರ ಪರವಾನಗಿ ಕೇಳಿದ್ದು 2.5 ಮಿ.ಗ್ರಾಂಗೆ, ಹತ್ತಿರ ಹತ್ತಿರ ಆರನೇ ಒಂದು ಪಾಲು. ಈ ನಡುವೆ ಕಂಪನಿ ಒಂದೊಂದೇ ಮೆಟ್ಟಿಲು ಇಳಿಯಬೇಕಾಗಿ ಬಂದದ್ದೇ ಪ್ರಕರಣದ ಒಂದು ಸಾರಾಂಶ.

ತಪ್ಪು ಹೆಸರು

ಮೂರನೇ ಹಂತದ ಪ್ರಯೋಗಗಳಿಂದ ಬಂದ ಮೊದಲ ವರದಿಗಳಲ್ಲಿ ‘ಆಸ್ಟಿಯೋನೆಕ್ರೋಸಿಸ್’ ಎಂದು ಬರೆದಿತ್ತು. ಅಂದರೆ ರಕ್ತ ಸಿಗದೆ ಮೂಳೆ ಸಾಯುವುದು. ಮದ್ದು ರಕ್ತನಾಳಗಳನ್ನು ಕೆಡಿಸುತ್ತಿದೆಯೇ ಎಂಬ ದಿಕ್ಕಿನಲ್ಲಿ ಯೋಚನೆ ಹರಿಯಿತು. 2010ರ ಕೊನೆಯ ಹೊತ್ತಿಗೆ ತಡೆ ಇತರ ಕಂಪನಿಗಳ ಎನ್‌ಜಿಎಫ್ ಪ್ರತಿಕಾಯಗಳಿಗೂ ಹಬ್ಬಿತು. ಕ್ಯಾನ್ಸರ್ ನೋವಿನ ಪ್ರಯೋಗಗಳಿಗೆ ಮಾತ್ರ ವಿನಾಯಿತಿ.

ನಂತರ ಒಂದು ಪರಿಣತರ ಸಮಿತಿ, ಯಾರಿಗೆ ಯಾವ ಮದ್ದು ಸಿಕ್ಕಿತ್ತೆಂದು ತಿಳಿಯದಂತೆ, ಚಿತ್ರಗಳನ್ನೂ ಶಸ್ತ್ರಚಿಕಿತ್ಸೆಯಲ್ಲಿ ಸಿಕ್ಕ ಮೂಳೆಯ ಮಾದರಿಗಳನ್ನೂ ಮತ್ತೆ ಪರಿಶೀಲಿಸಿತು. ಆಸ್ಟಿಯೋನೆಕ್ರೋಸಿಸ್ ಎಂದು ವರದಿಯಾಗಿದ್ದವು 87. ಸಮಿತಿ ಒಪ್ಪಿದ್ದು ಎರಡನ್ನು. ಪರಿಶೀಲಿಸಿದವರಲ್ಲಿ ಹೆಚ್ಚಿನವರದು ಅಸ್ಥಿಸಂಧಿವಾತವೇ ಬಿಗಡಾಯಿಸಿದ್ದು; ಆ ಪೈಕಿ 68 ಜನರದು ‘ತ್ವರಿತಗತಿಯ ಅಸ್ಥಿಸಂಧಿವಾತ’.

ಹೆಸರು ಬದಲಾದದ್ದು ಕಾಗದದ ಮೇಲಿನ ವಿಷಯ ಮಾತ್ರವಲ್ಲ. ರಕ್ತನಾಳದ ಕತೆ ಬಿದ್ದುಹೋಗಿ, ಪ್ರಶ್ನೆ ಮತ್ತೆ ಸಂಕೇತಪಥದ ಹತ್ತಿರಕ್ಕೇ ಬಂತು. ಈ ತ್ವರಿತಗತಿಯ ರೋಗವನ್ನು ಎರಡು ಬಗೆಯಾಗಿ ವಿಂಗಡಿಸಿದರು. ಮೊದಲ ಬಗೆ: ಸುಮಾರು ಒಂದು ವರ್ಷದೊಳಗೆ ಕೀಲಿನ ಸಂದು (ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವೆ ಕಾಣುವ ಜಾಗ) 2 ಮಿ.ಮೀ. ಅಥವಾ ಹೆಚ್ಚು ಕಿರಿದಾಗುವುದು. ಎರಡನೇ ಬಗೆ: ಮೂಳೆಯೇ ಅಸಹಜವಾಗಿ ಕರಗುವುದು, ಕುಸಿಯುವುದು. ಸಾಮಾನ್ಯ ರೋಗಿಯ ಮೊಣಕಾಲಿನಲ್ಲಿ ಸಂದು ವರ್ಷಕ್ಕೆ ಸರಾಸರಿ 0.1ರಿಂದ 0.2 ಮಿ.ಮೀ. ಕಿರಿದಾಗುತ್ತದೆ, ಆರೋಗ್ಯವಂತ ಮೊಣಕಾಲಿನ ಸಂದು ಇರುವುದೇ ನಾಲ್ಕೈದು ಮಿ.ಮೀ. ಅಂದರೆ ಹತ್ತು ವರ್ಷದ ಹಾನಿ ಒಂದು ವರ್ಷದಲ್ಲಿ.

ಚಿತ್ರ ಓದುವವರು ಇಲ್ಲಿ ಎಡವುವ ಜಾಗಗಳಿವೆ. ಮಲಗಿ ತೆಗೆದ ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಒತ್ತಿಕೊಂಡಿರುವುದಿಲ್ಲ, ಸಂದು ಅಗಲವಾಗಿ ಕಾಣುತ್ತದೆ. ಮೊದಲ ಚಿತ್ರ ಮಲಗಿ, ಎರಡನೆಯದು ನಿಂತು ತೆಗೆದದ್ದಾದರೆ ಇಲ್ಲದ ಹಾನಿ ಹುಟ್ಟುತ್ತದೆ. ಮೊಣಕಾಲಿನ ಬಾಗು ಕೆಲವೇ ಡಿಗ್ರಿ ಬದಲಾದರೂ ಅಷ್ಟೇ. ಆದ್ದರಿಂದ ಪ್ರತಿ ಬಾರಿಯೂ ನಿಂತ ಭಂಗಿ, ಅದೇ ಬಾಗು, ಅದೇ ಕಿರಣಕೋನ ಬೇಕು. ಇದಕ್ಕೆ ಉಲ್ಟಾ ತಪ್ಪೂ ಇದೆ: ಮೃದ್ವಸ್ಥಿಯಡಿಯ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಂದಿದ್ದರೆ ಎಕ್ಸ್‌ರೇಯಲ್ಲಿ ಮೊದಲಿಗೆ ಏನೂ ಕಾಣದು. ಎಂಆರ್‌ಐನಲ್ಲಿ ಮಜ್ಜೆಯ ಊತದ ನಡುವೆ ಕಪ್ಪು ಗೆರೆಯಾಗಿ ಕಾಣುತ್ತದೆ. ಕುಸಿತದ ಮೊದಲ ಹೆಜ್ಜೆ ಎಷ್ಟೋ ಸಲ ಆ ಗೆರೆಯೇ.

ಏಕೆ ಹೀಗಾಯಿತು

ಎಲ್ಲರಿಗೂ ಮೊದಲು ಹೊಳೆದ ವಿವರಣೆ ಸರಳ. ನೋವಿಲ್ಲದ್ದರಿಂದ ಹೆಚ್ಚು ಓಡಾಡಿದರು, ಕೆಟ್ಟ ಕೀಲಿನ ಮೇಲೆ ಹೆಚ್ಚು ಭಾರ ಬಿತ್ತು, ಕೀಲು ಹೋಯಿತು. ಇದಕ್ಕೆ ಆಧಾರವಿದೆ. ಮೆನಿಸ್ಕಸ್ ಹರಿದ ಇಲಿಗಳಿಗೆ ಟ್ಯಾನೆಜುಮ್ಯಾಬ್ ಕೊಟ್ಟಾಗ ಅವುಗಳ ನಡಿಗೆ ಸರಿಹೋಯಿತು, ಮೃದ್ವಸ್ಥಿಯ ಹಾನಿ ಹೆಚ್ಚಿತು. ಗಾಯವಾದ ಕೆಲವು ವಾರಗಳ ನಂತರ ಮದ್ದು ಶುರುಮಾಡಿದಾಗ ಆ ಹೆಚ್ಚುವರಿ ಹಾನಿ ಕಾಣಲಿಲ್ಲ. ಕುಂಟುವುದೂ ಒಂದು ಚಿಕಿತ್ಸೆಯೇ ಎಂದು ಹಳೆಯ ಮೂಳೆವೈದ್ಯರು ಹೇಳುವ ಮಾತಿಗೆ ಇಷ್ಟು ನೇರವಾದ ಸಾಕ್ಷಿ ಇನ್ನೊಂದಿಲ್ಲ.

ಆದರೆ ಮನುಷ್ಯರಲ್ಲಿ ಲೆಕ್ಕ ಇಷ್ಟಕ್ಕೇ ಮುಗಿಯಲಿಲ್ಲ. ಕುಸಿದ ಕೀಲುಗಳಲ್ಲಿ ಭುಜವೂ ಇತ್ತು, ಮತ್ತು ಭುಜದ ಮೇಲೆ ಯಾರೂ ನಡೆಯುವುದಿಲ್ಲ. ಪ್ರಯೋಗ ಶುರುವಾದಾಗ ಅಸ್ಥಿಸಂಧಿವಾತವೇ ಇಲ್ಲದಿದ್ದ ಕೆಲವು ಕೀಲುಗಳೂ ಕೆಟ್ಟವು. ಹೆಚ್ಚು ಓಡಾಟ ಎಂಬ ಒಂದೇ ಕಾರಣ ಸಾಲದು.

ಉತ್ತರದ ಒಂದು ತುಣುಕು ಸ್ವೀಡನ್ನಿನ ಉತ್ತರ ತುದಿಯ ವಿಟಾಂಗಿ ಎಂಬ ಹಳ್ಳಿಯ ಸುತ್ತಲಿನ ಕುಟುಂಬವೊಂದರಲ್ಲಿ, ಎರಡನೇ ಹಂತದ ಫಲಿತಾಂಶ ಬರುವುದಕ್ಕೆ ಆರು ವರ್ಷ ಮೊದಲೇ, ದಾಖಲಾಗಿತ್ತು. ಈ ಕುಟುಂಬದ ಕೆಲವರಿಗೆ ಮೂಳೆ, ಕೀಲುಗಳ ಆಳದ ನೋವು ಗೊತ್ತಾಗದು. 2004ರಲ್ಲಿ ಕಾರಣ ಸಿಕ್ಕಿತು: ಎನ್‌ಜಿಎಫ್ ವಂಶವಾಹಿಯಲ್ಲಿ ಒಂದೇ ಅಕ್ಷರದ ಬದಲಾವಣೆ, ಅದರಿಂದ ಪ್ರೋಟೀನಿನಲ್ಲಿ ಒಂದು ಆರ್ಜಿನಿನ್ ಜಾಗದಲ್ಲಿ ಟ್ರಿಪ್ಟೊಫ್ಯಾನ್. ತಂದೆ-ತಾಯಿ ಇಬ್ಬರಿಂದಲೂ ಈ ಪ್ರತಿ ಪಡೆದವರಿಗೆ ಬಾಲ್ಯದಲ್ಲೇ ಮೊಣಕಾಲು, ಹಿಮ್ಮಡಿಗಂಟುಗಳು ನೋವಿಲ್ಲದೆ ಮುರಿದು, ವಕ್ರವಾಗಿ, ಶಾರ್ಕೋ ಕೀಲುಗಳಾದವು. ಒಬ್ಬರಿಂದ ಮಾತ್ರ ಪಡೆದವರಲ್ಲಿ ತೊಂದರೆ ತಡವಾಗಿ, ಸೌಮ್ಯವಾಗಿ ಬಂತು. ಬುದ್ಧಿಶಕ್ತಿಗೆ ಏನೂ ಆಗಿರಲಿಲ್ಲ. ಇದಕ್ಕೂ ಹಿಂದೆ, 1996ರಲ್ಲಿ, ಟ್ರ್ಯಾಕ್-ಎ ವಂಶವಾಹಿಯೇ ಕೆಟ್ಟ ಮಕ್ಕಳ ವಿವರ ಬಂದಿತ್ತು: ನೋವಿಲ್ಲ, ಬೆವರಿಲ್ಲ, ನಾಲಿಗೆ ಕಚ್ಚಿಕೊಂಡ ಗಾಯ, ಮತ್ತೆ ಮತ್ತೆ ಮುರಿದ ಮೂಳೆ, ಕೆಟ್ಟ ಕೀಲು.

ಪ್ರಕೃತಿ ತಾನೇ ನಡೆಸಿದ ಟ್ಯಾನೆಜುಮ್ಯಾಬ್ ಪ್ರಯೋಗ ಅದು, ಫಲಿತಾಂಶವೂ ಪ್ರಕಟವಾಗಿತ್ತು. ಬೆಳೆದವರಲ್ಲಿ ನರ ಸಾಯುವುದಿಲ್ಲವಾದ್ದರಿಂದ ಇದು ನಮಗೆ ಅನ್ವಯಿಸದು ಎಂಬ ನಂಬಿಕೆ ಅದನ್ನು ಬದಿಗಿಟ್ಟಿತು ಎಂದೇ ನಮ್ಮ ಅಭಿಪ್ರಾಯ. ಒಂದು ಸೂಕ್ಷ್ಮ ಇಲ್ಲಿ ಮುಖ್ಯ: ವಿಟಾಂಗಿಯ ರೂಪಾಂತರಿತ ಎನ್‌ಜಿಎಫ್ ಟ್ರ್ಯಾಕ್-ಎ ಅನ್ನು ಹೆಚ್ಚುಕಡಿಮೆ ಸರಿಯಾಗೇ ಹಿಡಿಯುತ್ತದೆ, ಹಿಡಿತ ತಪ್ಪುವುದು ಪಿ-75 ಮೇಲೆ. ಎರಡು ಗ್ರಾಹಕಗಳನ್ನು ಬೇರೆಬೇರೆಯಾಗಿ ಯೋಚಿಸಬೇಕೆಂಬ ಸೂಚನೆ ಅದರಲ್ಲಿದೆ.

ಇನ್ನೊಂದು ತುಣುಕು ಮೂಳೆಯ ಕಡೆಯಿಂದ ಬಂತು. ಮೂಳೆಯ ಮೇಲೆ ಭಾರ ಬಿದ್ದರೆ ಅಲ್ಲಿನ ಮೂಳೆಕಟ್ಟುವ ಕೋಶಗಳು, ಅಂದರೆ ಆಸ್ಟಿಯೋಬ್ಲಾಸ್ಟ್‌ಗಳು, ಎನ್‌ಜಿಎಫ್ ಸ್ರವಿಸುತ್ತವೆ. ಪಕ್ಕದ ಟ್ರ್ಯಾಕ್-ಎ ನರ ಅದನ್ನು ಗ್ರಹಿಸಿ ಪ್ರತಿಕ್ರಿಯಿಸುತ್ತದೆ, ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. 2017ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನದಲ್ಲಿ ಸಂವೇದನಾ ನರಗಳ ಟ್ರ್ಯಾಕ್-ಎ ಸಂಕೇತವನ್ನು ತಡೆದಾಗ, ಭಾರಕ್ಕೆ ತಕ್ಕಂತೆ ಮೂಳೆ ದಪ್ಪವಾಗುವ ಸಾಮರ್ಥ್ಯ ಕುಂದಿತು. ಮುರಿತ ಕೂಡುವುದಕ್ಕೂ ಇದೇ ಹಾದಿ ಬೇಕೆಂದು ನಂತರ ಕಂಡಿತು.

ಈಗ ಎರಡನ್ನೂ ಸೇರಿಸಿ ನೋಡಿ. ಮೃದ್ವಸ್ಥಿಯಡಿಯ ಮೂಳೆಯಲ್ಲಿ ದಿನನಿತ್ಯ ಸಣ್ಣಪುಟ್ಟ ಬಿರುಕು ಬೀಳುತ್ತವೆ, ದಿನನಿತ್ಯ ಮುಚ್ಚುತ್ತವೆ. ಎನ್‌ಜಿಎಫ್ ತಡೆದಾಗ ಬಿರುಕಿನ ದೂರು ಮೆದುಳಿಗೆ ಹೋಗುವುದಿಲ್ಲ, ಆದ್ದರಿಂದ ಭಾರ ಇಳಿಯುವುದಿಲ್ಲ. ರಿಪೇರಿಯ ಆಜ್ಞೆಯೂ ಅಲ್ಲಿಯೇ ದುರ್ಬಲವಾಗುತ್ತದೆ. ಮೂಳೆ ತಗ್ಗಿದರೆ ಮೇಲಿನ ಮೃದ್ವಸ್ಥಿಗೆ ಆಸರೆ ಹೋಯಿತು. ನೆಲ ಕುಸಿದ ಮೇಲೆ ಗಾರೆ ನಿಲ್ಲುವುದೆಲ್ಲಿ? ಇದು ಸಾಬೀತಾದ ಸರಪಳಿಯಲ್ಲ, ಆದರೆ ಭುಜವನ್ನೂ ವಿಟಾಂಗಿಯನ್ನೂ ಒಟ್ಟಿಗೆ ವಿವರಿಸಬಲ್ಲ ಊಹೆಗಳಲ್ಲಿ ಇದೇ ಗಟ್ಟಿ.

ಡೈಕ್ಲೊಫೆನಾಕ್, ನ್ಯಾಪ್ರಾಕ್ಸೆನ್‌ನಂಥ ಮಾತ್ರೆಗಳನ್ನು ಟ್ಯಾನೆಜುಮ್ಯಾಬ್ ಜೊತೆಗೇ ನುಂಗುತ್ತಿದ್ದವರಲ್ಲಿ ಕುಸಿತ ಹೆಚ್ಚಿತ್ತು. ಈ ಮಾತ್ರೆಗಳು ತಡೆಯುವ ಪ್ರೊಸ್ಟಗ್ಲಾಂಡಿನ್ ಇ-2 ಮೂಳೆ ಕೂಡುವುದಕ್ಕೆ ಬೇಕಾದ ಇನ್ನೊಂದು ಸಂಕೇತ. ಒಂದು ಬಾಗಿಲು ಮುಚ್ಚಿದ ಮನೆಯಲ್ಲಿ ಹಿತ್ತಲ ಬಾಗಿಲನ್ನೂ ಮುಚ್ಚಿದಂತೆ.

ಎರಡನೇ ಪ್ರಯತ್ನ

2012ರ ಮಾರ್ಚ್‌ನಲ್ಲಿ ಎಫ್‌ಡಿಎ ಸಲಹಾ ಸಮಿತಿ ಸಂಶೋಧನೆ ಮುಂದುವರಿಯಬಹುದೆಂದು 21–0 ಮತಗಳಿಂದ ಹೇಳಿತು. ಅದೇ ವರ್ಷದ ಕೊನೆಗೆ ಮತ್ತೊಂದು ತಡೆ, ಈ ಬಾರಿ ಪ್ರಾಣಿಗಳ ಸಿಂಪಥೆಟಿಕ್ ನರಗಂಟುಗಳಲ್ಲಿ ಕಂಡ ಬದಲಾವಣೆಗಾಗಿ. ಕೋಶಗಳು ಕುಗ್ಗುತ್ತವೆ, ಸಾಯುವುದಿಲ್ಲ, ಮದ್ದು ನಿಂತರೆ ಮರಳುತ್ತವೆ ಎಂದು ತೋರಿಸಿದ ಮೇಲೆ 2015ರ ಮಾರ್ಚ್‌ನಲ್ಲಿ ಅದು ತೆರವಾಯಿತು. ಆ ಹೊತ್ತಿಗೆ ಇಲೈ ಲಿಲ್ಲಿ ಎಂಬ ಔಷಧ ಕಂಪನಿ ಫೈಜರ್‌ಗೆ ಪಾಲುದಾರನಾಗಿ ಬಂದಿತ್ತು.

ಹೊಸ ಪ್ರಯೋಗಗಳು ಎಚ್ಚರದಿಂದ ಕಟ್ಟಿದವು. ರಕ್ತನಾಳದ ಬದಲು ಚರ್ಮದಡಿಗೆ ಚುಚ್ಚು, 2.5 ಅಥವಾ 5 ಮಿ.ಗ್ರಾಂ, ಎಂಟು ವಾರಕ್ಕೊಮ್ಮೆ. ಮಾತ್ರೆಗಳಿಗೆ ಕಡಿವಾಣ. ಸೇರುವ ಮೊದಲೇ ಮೊಣಕಾಲು, ಸೊಂಟ, ಭುಜಗಳ ಎಕ್ಸ್‌ರೇ. ಮೂಳೆ ಬಿರುಕು ಅಥವಾ ತ್ವರಿತಗತಿಯ ಲಕ್ಷಣವಿದ್ದವರಿಗೆ ಪ್ರವೇಶವಿಲ್ಲ.

ನಿರ್ಣಾಯಕವಾದದ್ದು 56 ವಾರ ಚಿಕಿತ್ಸೆ, ಮತ್ತೆ 24 ವಾರ ನಿಗಾ ಇದ್ದ ಪ್ರಯೋಗ. ಮೂರು ಗುಂಪು, ಗುಂಪಿಗೆ ಸುಮಾರು ಸಾವಿರ ಜನ. ಹೋಲಿಕೆಗೆ ಹುಸಿಮದ್ದಲ್ಲ, ದಿನನಿತ್ಯದ ಮಾತ್ರೆಗಳಾದ ನ್ಯಾಪ್ರಾಕ್ಸೆನ್, ಸೆಲೆಕಾಕ್ಸಿಬ್, ಡೈಕ್ಲೊಫೆನಾಕ್. 16ನೇ ವಾರದಲ್ಲಿ ಹತ್ತು ಅಂಕಗಳ ಅಳತೆಯಲ್ಲಿ 5 ಮಿ.ಗ್ರಾಂ ಗುಂಪು ಮಾತ್ರೆಗಿಂತ ಸುಮಾರು ಕಾಲು ಅಂಕ ಹೆಚ್ಚು ನೋವಿಳಿಕೆ ತೋರಿಸಿತು. 2.5 ಮಿ.ಗ್ರಾಂಗೆ ಅಷ್ಟೂ ಸಾಧ್ಯವಾಗಲಿಲ್ಲ.

ಕೀಲಿನ ಗಂಭೀರ ಘಟನೆಗಳು ಮಾತ್ರೆಯ ಗುಂಪಿನಲ್ಲಿ ಶೇ 1.5, 2.5 ಮಿ.ಗ್ರಾಂನಲ್ಲಿ ಶೇ 3.8, 5 ಮಿ.ಗ್ರಾಂನಲ್ಲಿ ಶೇ 7.1. ಕೀಲು ಬದಲಿ ಮಾಡಿಸಿಕೊಂಡವರು ಕ್ರಮವಾಗಿ ಶೇ 2.6, 5.3 ಮತ್ತು 8.0. ಸಾವಿರ ಜನರಿಗೆ ಲೆಕ್ಕ ಹಾಕಿದರೆ, ಮಾತ್ರೆಯ ಬದಲು 2.5 ಮಿ.ಗ್ರಾಂ ಕೊಟ್ಟಾಗ 23 ಕೀಲುಘಟನೆ ಹೆಚ್ಚು, ಸುಮಾರು 27 ಶಸ್ತ್ರಚಿಕಿತ್ಸೆ ಹೆಚ್ಚು. ಪ್ರಮಾಣ ದುಪ್ಪಟ್ಟಾದರೆ ಹೆಚ್ಚುವರಿ ಘಟನೆಗಳೂ ದುಪ್ಪಟ್ಟಿಗಿಂತ ಮೇಲೆ, 56. ಪ್ರಮಾಣ ಏರಿದಂತೆ ಹಾನಿ ಹೀಗೆ ಏರುವುದು ಆಕಸ್ಮಿಕದ ಲಕ್ಷಣವಲ್ಲ. ಇಷ್ಟೆಲ್ಲ ಕಟ್ಟುನಿಟ್ಟಿನ ಆಯ್ಕೆಯ ನಂತರವೂ ಬಂದ ಅಂಕಿ ಇದು. ಬೀದಿಬದಿಯ ಕ್ಲಿನಿಕ್ಕಿನಲ್ಲಿ ಜೇಬಲ್ಲಿ ಡೈಕ್ಲೊಫೆನಾಕ್ ಇಟ್ಟುಕೊಂಡೇ ಬರುವ ರೋಗಿಯಲ್ಲಿ ಏನಾಗುತ್ತಿತ್ತೆಂದು ಊಹಿಸಬಹುದು.

ಕಂಪನಿ 2.5 ಮಿ.ಗ್ರಾಂಗೆ ಮಾತ್ರ, ಬೇರೆ ಮದ್ದು ಫಲಿಸದವರಿಗೆ ಮಾತ್ರ, ಶುರುವಿನಲ್ಲೂ ನಂತರ ವರ್ಷಕ್ಕೊಮ್ಮೆಯೂ ಎಕ್ಸ್‌ರೇ ಎಂಬ ಷರತ್ತಿನೊಡನೆ ಪರವಾನಗಿ ಕೇಳಿತು. ಷರತ್ತಿನ ದೋಷ ಮೇಲಿನ ವಿವರಣೆಯಲ್ಲೇ ಇದೆ. ಬಿರುಕು ಎಕ್ಸ್‌ರೇಯಲ್ಲಿ ಕಾಣದು. ಕಾಣುವ ಹೊತ್ತಿಗೆ ಸಂದು ಹೋಗಿರುತ್ತದೆ. ವರ್ಷಕ್ಕೊಮ್ಮೆ ನೋಡಿದರೆ ಹಾನಿ ದಾಖಲಾಗುತ್ತದೆ, ತಪ್ಪುವುದಿಲ್ಲ. ರೋಗಿಯೇ ಬಂದು ಹೇಳಲಿ ಎನ್ನಲು, ಹೇಳುವ ನರವನ್ನೇ ಸುಮ್ಮನಾಗಿಸಿದೆ. 2021ರ ಮಾರ್ಚ್ 24 ಮತ್ತು 25ರಂದು ಸೇರಿದ ಸಲಹಾ ಸಮಿತಿಗೆ, ಈ ಕ್ರಮಗಳಿಂದ ಲಾಭ ಅಪಾಯಕ್ಕಿಂತ ಮಿಗಿಲಾಗುವುದೇ ಎಂದು ಕೇಳಲಾಯಿತು. ಇಲ್ಲ ಎಂದವರು 19, ಹೌದು ಎಂದವರು ಒಬ್ಬರು. ಸೆಪ್ಟೆಂಬರ್‌ನಲ್ಲಿ ಯುರೋಪಿನ ಔಷಧ ಸಂಸ್ಥೆಯೂ ನಿರಾಕರಣೆಗೆ ಶಿಫಾರಸು ಮಾಡಿತು, ಅಕ್ಟೋಬರ್‌ನಲ್ಲಿ ಕಂಪನಿಗಳು ಕೈಬಿಟ್ಟವು. ಇದೇ ಅಣುವಿಗೆ ಗುರಿಯಿಟ್ಟ ಫುಲ್‌ರಾನುಮ್ಯಾಬ್, ಫಾಸಿನುಮ್ಯಾಬ್ ಕೂಡ ಮಾರುಕಟ್ಟೆ ಮುಟ್ಟಲಿಲ್ಲ.

ನಾಯಿ, ಬೆಕ್ಕು, ಮತ್ತು ಎದುರು ದಿಕ್ಕಿನ ಒಂದು ಸೋಲು

ಮನುಷ್ಯರಿಗೆ ಬೇಡವೆನಿಸಿದ ಹಾದಿ ಪ್ರಾಣಿಗಳಿಗೆ ತೆರೆದೇ ಇದೆ. ನಾಯಿಗಳಿಗೆ ಬೆಡಿನ್ವೆಟ್‌ಮ್ಯಾಬ್ (ಲಿಬ್ರೆಲಾ), ಬೆಕ್ಕುಗಳಿಗೆ ಫ್ರುನೆವೆಟ್‌ಮ್ಯಾಬ್ (ಸೊಲೆನ್ಸಿಯಾ) ಎಂಬ ಎನ್‌ಜಿಎಫ್ ಪ್ರತಿಕಾಯಗಳು ತಿಂಗಳಿಗೊಂದು ಚುಚ್ಚಿನಂತೆ ಬಳಕೆಯಲ್ಲಿವೆ. ಅಮೆರಿಕದಲ್ಲಿ ಬೆಕ್ಕಿನ ಮದ್ದಿಗೆ 2022ರಲ್ಲಿ, ನಾಯಿಯದಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಲಿಬ್ರೆಲಾದ ಅಡ್ಡಪರಿಣಾಮಗಳ ಬಗ್ಗೆ ಪಶುವೈದ್ಯರಿಗೆ ಎಚ್ಚರಿಕೆಯ ಪತ್ರ ಬರೆಯಿತು. ಕುಂಟು ನಿಂತಿತೆಂದು ಮುದಿ ನಾಯಿಯನ್ನು ಮತ್ತೆ ಓಟಕ್ಕೆ ಬಿಡುವ ಮೊದಲು ಮೆನಿಸ್ಕಸ್ ಇಲಿಗಳನ್ನು ನೆನೆಯುವುದು ಒಳ್ಳೆಯದು.

ಟ್ಯಾನೆಜುಮ್ಯಾಬ್‌ಗೆ ಕನ್ನಡಿಯ ಬಿಂಬದಂಥ ಇನ್ನೊಂದು ಪ್ರಯೋಗ ಸ್ಪ್ರಿಫರ್ಮಿನ್‌ದು. ಅದು ಎಫ್‌ಜಿಎಫ್-18 ಎಂಬ ಬೆಳವಣಿಗೆ ಅಂಶದ ತುಣುಕು. ಎಫ್‌ಜಿಎಫ್ ಗ್ರಾಹಕ-3ರ ಹಾದಿಯಲ್ಲಿ ಕೊಂಡ್ರೊಸೈಟ್‌ಗೆ ಕಟ್ಟುವ ಆಜ್ಞೆ ಕೊಡುತ್ತದೆ. 549 ಜನರ ಎರಡನೇ ಹಂತದ ಪ್ರಯೋಗದಲ್ಲಿ 100 ಮೈಕ್ರೋಗ್ರಾಂ ಪಡೆದವರ ಮೃದ್ವಸ್ಥಿ ಎರಡು ವರ್ಷದ ಕೊನೆಗೆ ಹುಸಿಮದ್ದಿನವರಿಗಿಂತ ಸುಮಾರು 0.05 ಮಿ.ಮೀ. ದಪ್ಪವಾಗಿತ್ತು. ನೋವಿನಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಒಂದರಲ್ಲಿ ನೋವು ಹೋಗಿ ಕೀಲು ಕೆಟ್ಟಿತು, ಇನ್ನೊಂದರಲ್ಲಿ ಮೆತ್ತೆ ಬೆಳೆದು ನೋವು ಉಳಿಯಿತು. ಐಎಲ್-1, ಟಿಎನ್‌ಎಫ್ ತಡೆಯುವ ಮದ್ದುಗಳು ಅಸ್ಥಿಸಂಧಿವಾತದಲ್ಲಿ ಎರಡೂ ಮಾಡಲಿಲ್ಲ.

ಎನ್‌ಜಿಎಫ್ ಹಾದಿಯಲ್ಲಿ ಈಗ ಉಳಿದಿರುವ ಕುತೂಹಲದ ಪ್ರಯತ್ನ ಲೆವಿ-04. ಇದು ಪ್ರತಿಕಾಯವಲ್ಲ; ಪಿ-75 ಗ್ರಾಹಕದ ಹೊರಭಾಗವನ್ನೇ ಬಿಡಿಸಿ ತಯಾರಿಸಿದ, ರಕ್ತದಲ್ಲಿ ತೇಲುವ ಬಲೆ. ಎನ್‌ಜಿಎಫ್ ಒಂದನ್ನೇ ಪೂರ್ತಿ ಒರೆಸಿಹಾಕುವ ಬದಲು, ಎನ್‌ಟಿ-3 ಸೇರಿದಂತೆ ಅದರ ಬಳಗದ ಹೆಚ್ಚುವರಿ ಅಣುಗಳನ್ನು ಹೀರುವುದು ಇದರ ತಂತ್ರ. 518 ಜನರ ಎರಡನೇ ಹಂತದ ಪ್ರಯೋಗದಲ್ಲಿ ನೋವು ಇಳಿದಿದೆ, ಕೀಲುಕುಸಿತ ಹುಸಿಮದ್ದಿಗಿಂತ ಹೆಚ್ಚಾಗಿಲ್ಲ ಎಂದು 2024ರಲ್ಲಿ ಅದನ್ನು ರೂಪಿಸಿದ ಕಂಪನಿ ತಿಳಿಸಿತು. ಗುಂಪಿಗೆ ಸುಮಾರು 130 ಜನ, ಕೆಲವೇ ತಿಂಗಳು. ಶೇ 1.5 ಮತ್ತು ಶೇ 3.8ರ ನಡುವಿನ ಅಂತರ ಕಣ್ಣಿಗೆ ಬೀಳಲು ಟ್ಯಾನೆಜುಮ್ಯಾಬ್‌ಗೆ ಗುಂಪಿಗೆ ಸಾವಿರ ಜನರೂ 80 ವಾರಗಳೂ ಬೇಕಾಗಿದ್ದವು.